ಐದನೆಯ ಚೌಕ

ಅಪ್ಪನ ತಲೆಯಿಂದ ಮೊದಲು ನಿನ್ನೆ ಹೋಯಿತು. ಆಮೇಲೆ ಹೋದ ವರ್ಷ ಹೋಯಿತು. ಅದರ ಬೆನ್ನಿಗೇ ಅಮ್ಮ ತೀರಿಕೊಂಡ ವರ್ಷ, ಮೊಮ್ಮಕ್ಕಳು ಹುಟ್ಟಿದ ವರ್ಷಗಳು, ಮಗಳ ಮದುವೆ, ಎಲ್ಲವೂ ಒಂದೊಂದಾಗಿ ಎದ್ದು ಹೋದವು. ಈಗ ಮಗಳನ್ನೇ ‘ಈಯಮ್ಮ’ ಎನ್ನುತ್ತಿದ್ದ. ಈಯಮ್ಮ ಒಳ್ಳೆಯವರು, ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಾರೆ, ಇವರನ್ನು ಕೆಲಸದಿಂದ ಬಿಡಿಸಬೇಡಿ ಎಂದು ಅವಳ ಎದುರೇ ಅವಳ ಗಂಡನಿಗೆ ಶಿಫಾರಸು ಮಾಡುತ್ತಿದ್ದ. ಗಂಡ ನಗುತ್ತಿದ್ದ. ಅವಳೂ ನಗುತ್ತಿದ್ದಳು. ನಕ್ಕು ಅಡುಗೆಮನೆಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ಅವಳನ್ನು ಎಲ್ಲರೂ ಅಚ್ಚಕ್ಕ ಎಂದೇ ಕರೆಯುತ್ತಿದ್ದರು. ಸಂಗ್ರಹಾಲಯದ ಹಿಂಭಾಗದ ಉದ್ದನೆಯ ಕೋಣೆಯಲ್ಲಿ ಅವಳದು ಅಚ್ಚಿನ ಕೆಲಸ. ಅವಳಿಗಿಂತ ಮುಂಚೆ ಅದೇ ಕೋಣೆಯಲ್ಲಿ, ಅದೇ ಮುಕ್ಕಾದ ಮೇಜಿನ ಮುಂದೆ ಅಪ್ಪ ನಿಂತಿದ್ದ. ಕಲ್ಲಿನ ಶಿಲ್ಪದ ಮೇಲೆ ಒದ್ದೆ ಕಾಗದವನ್ನು ಪದರ ಪದರವಾಗಿ ಕುಂಚದಿಂದ ಬಡಿದು, ಒಣಗಿದ ಮೇಲೆ ಸುಲಿದು ತೆಗೆದರೆ ಅದು ಅಚ್ಚು. ಆ ಅಚ್ಚಿಗೆ ಅರಗು ಬಳಿದು ಪ್ಲಾಸ್ಟರ್ ಸುರಿದರೆ ಬರುವುದು ಎರಕ. ಅಚ್ಚಿನಲ್ಲಿ ದೇವರ ಮೂಗು ಹಳ್ಳ. ಎರಕದಲ್ಲಿ ಮೂಗು ಮೂಗೇ. ಇಷ್ಟು ತಿಳಿದರೆ ಅರ್ಧ ವಿದ್ಯೆ ಬಂತು, ಇನ್ನರ್ಧ ಸೊಂಟ ನೋವು ಎಂದು ಅಪ್ಪ ಬುದ್ಧಿ ನೆಟ್ಟಗಿದ್ದ ಕಾಲದಲ್ಲಿ ಹೇಳುತ್ತಿದ್ದ.

ಸಂಗ್ರಹಾಲಯದಲ್ಲಿ ಹೊಸ ಸಭಾಂಗಣವೊಂದು ಎದ್ದಿತ್ತು. ಎತ್ತರದ ಕಿಟಕಿಗಳಿಂದ ಬೆಳಕು ಇಳಿದು, ಬೂದು ಬಣ್ಣದ ನುಣುಪು ನೆಲದ ಮೇಲೆ ಹರಡಿಕೊಂಡಾಗ ನೆಲ ನೀರಿನಂತೆ ಕಾಣುತ್ತಿತ್ತು. ಅದರ ಉದ್ದದ ಗೋಡೆಗೆ ಗಜೇಂದ್ರ ಮೋಕ್ಷದ ಕಥೆ ಬರಬೇಕಾಗಿತ್ತು. ಎಲ್ಲೋ ದೂರದ ಒಂದು ಗುಡಿಯ ಹೊರಗೋಡೆಯಲ್ಲಿದ್ದ ಎಂಟು ಚೌಕಗಳು: ಆನೆ ತನ್ನ ಬಳಗದ ಜೊತೆ ಕೆರೆಗೆ ಬರುವುದು, ನೀರಾಟ, ಮೊಸಳೆ ಕಾಲು ಹಿಡಿಯುವುದು, ಬಳಗವೆಲ್ಲ ಸೇರಿ ಎಳೆಯುವುದು, ಆಮೇಲೆ ಐದನೆಯದು, ಆರರಲ್ಲಿ ಒಂಟಿಯಾದ ಆನೆ ಸೊಂಡಿಲಲ್ಲಿ ತಾವರೆ ಎತ್ತಿ ಹಿಡಿದಿರುವುದು, ಏಳರಲ್ಲಿ ಗರುಡನ ಮೇಲೆ ಹರಿ ಬರುವುದು, ಎಂಟರಲ್ಲಿ ಚಕ್ರ, ಬಿಡುಗಡೆ.

ಆ ಗುಡಿಯ ಗೋಡೆಗೆ ಮೈ ತಾಗಿಸಿಕೊಂಡಂತೆ ಒಂದು ಭಾರಿ ಮರ ಬೆಳೆದಿತ್ತು. ಗೋಡೆಗೂ ಮರಕ್ಕೂ ನಡುವೆ ಒಬ್ಬ ಮನುಷ್ಯ ಅಡ್ಡವಾಗಿ ನುಸುಳುವಷ್ಟೇ ಜಾಗ. ಕ್ಯಾಮೆರಾ ಹಿಡಿದು ಹಿಂದೆ ಸರಿಯಲು ಆಗುತ್ತಿರಲಿಲ್ಲವಾದ್ದರಿಂದ ಯಾರೂ ಅದರ ಫೋಟೋ ತೆಗೆದಿರಲಿಲ್ಲ. ಅಪ್ಪ ಮಾತ್ರ ಒದ್ದೆ ಕಾಗದದ ಕಟ್ಟು ಹೊತ್ತು ಒಳಗೆ ನುಸುಳಿದ್ದ. ಆಗ ಅಚ್ಚಕ್ಕನಿಗೆ ಆರು ವರ್ಷ. ಅಮ್ಮನಿಗೆ ಮೈ ಸರಿಯಿಲ್ಲದ್ದರಿಂದ ಅಪ್ಪನೇ ಜೊತೆಯಲ್ಲಿ ಕರೆದುಕೊಂಡು ಹೋಗಿದ್ದ. ಆ ಸಂದಿಯ ಹಸಿರು ಕತ್ತಲು, ಒದ್ದೆ ಕಾಗದದ ವಾಸನೆ, ತನ್ನ ಮುಷ್ಟಿಯಲ್ಲಿದ್ದ ಅಪ್ಪನ ಅಂಗಿಯ ಚುಂಗು, ಇಷ್ಟೇ ಅವಳ ನೆನಪು. ಸಂದಿಯಲ್ಲಿ ತಿರುಗಿ ನೋಡಲು ಅಪ್ಪನಿಗೆ ಆಗುತ್ತಿರಲಿಲ್ಲ. ಅದಕ್ಕೇ ಗಳಿಗೆಗೊಮ್ಮೆ, "ಹಿಡ್ಕೊಂಡಿದೀಯಾ?" ಎಂದು ಕೇಳುತ್ತಿದ್ದ. ಅವಳು, "ಹಿಡ್ಕೊಂಡಿದೀನಿ" ಎನ್ನುತ್ತಿದ್ದಳು. ಗೋಡೆಯ ಮೇಲೆ ಏನಿತ್ತೋ ಅವಳಿಗೆ ಗೊತ್ತಿಲ್ಲ; ಅವಳ ಕಣ್ಣಿಗೆ ಬಿದ್ದದ್ದು ಅಪ್ಪನ ಬೆನ್ನು ಒಂದೇ.

ವಾಪಸು ಬರುವಾಗ ಮಳೆ ಹಿಡಿದು ಐದನೆಯ ಅಚ್ಚು ನೆಂದು ಹಿಟ್ಟಿನ ಮುದ್ದೆಯಾಯಿತು. ಇನ್ನೊಮ್ಮೆ ಹೋಗಿ ತಂದರಾಯಿತು ಎಂದುಕೊಂಡ ಅಪ್ಪ. ಅಷ್ಟರಲ್ಲಿ ಮರದ ಬೇರು ಗೋಡೆಯನ್ನೇ ಕೆಡವಿ ಹಾಕಿತ್ತು. ಕಲ್ಲು ಪುಡಿಯಾಗಿತ್ತು. ಹೀಗೆ ಐದನೆಯ ಚೌಕ ಇಡೀ ಲೋಕದಲ್ಲಿ ಉಳಿದದ್ದು ಒಬ್ಬನ ತಲೆಯಲ್ಲಿ, ಈಗ ಆ ತಲೆಯೂ ಖಾಲಿಯಾಗುತ್ತಿತ್ತು.

ಸಭಾಂಗಣ ತೆರೆಯಲು ಹನ್ನೆರಡು ದಿನ ಉಳಿದಿತ್ತು. ಅಷ್ಟರೊಳಗೆ ಅಲ್ಲೇನಿತ್ತೆಂದು ತಿಳಿಯದಿದ್ದರೆ ಆ ಜಾಗಕ್ಕೆ ಬೋಳು ಹಲಗೆ ಬಡಿಯುವುದೆಂದು ಮೇಲ್ವಿಚಾರಕಿ ಹೇಳಿದ್ದಳು. ಅವಳ ಹೆಸರು ಏನಾದರೂ ಇರಲಿ, ಕೆಲಸದವರ ಬಾಯಲ್ಲಿ ಪುರಾವೆಯಮ್ಮ. ಬೆಳಗಾಯಿತು ಎಂದರೂ ಪುರಾವೆ ಕೇಳುವ ಹೆಂಗಸು. ಕೆಟ್ಟವಳಲ್ಲ, ಆದರೆ ಇಲ್ಲದ್ದನ್ನು ಇದೆ ಎಂದು ಜನರಿಗೆ ತೋರಿಸಿದರೆ ಅದು ಕಳ್ಳತನವೇ ಎಂದು ನಂಬಿದವಳು. ಅಚ್ಚಕ್ಕನಿಗೆ ಆ ಬೋಳು ಹಲಗೆ ಬೇಡವಾಗಿತ್ತು. ಅಪ್ಪ ಪೂರ್ತಿ ಬರಿದಾಗುವ ಮುಂಚೆ ಆ ಒಂದು ಚೌಕವನ್ನಾದರೂ ಅವನ ಕೈಯಿಂದ ಈಚೆ ತರಬೇಕು. ಮಗಳ ಹೆಸರು ವಾಪಸು ಬರುವುದಿಲ್ಲವೆಂದು ಡಾಕ್ಟರು ಹೇಳಿಯಾಗಿದೆ, ಹೋಗಲಿ, ಇದಾದರೂ ಬರಲಿ.

ಏಳು ಎರಕಗಳು ಸಿದ್ಧವಿದ್ದವು. ಅಪ್ಪ ಅಚ್ಚುಗಳ ಬೆನ್ನಿಗೆ ಒಂದು ಗೀಟು, ಎರಡು ಗೀಟು ಎಂದು ಎಂಟರ ತನಕ ಗುರುತು ಹಾಕಿದ್ದ. ಆ ಲೆಕ್ಕದಲ್ಲೇ ಅವಳು ಗೋಡೆಯ ಎಡತುದಿಯಲ್ಲಿ ಒಂದನೆಯದನ್ನು ಇಟ್ಟು, ಬಲತುದಿಯಲ್ಲಿ ಎಂಟನೆಯದಕ್ಕೆ ಮುಗಿಸಿದ್ದಳು, ಪುಸ್ತಕದ ಸಾಲಿನ ಹಾಗೆ. ಎರಕದ ಅಂಚಿನಲ್ಲಿ ಪ್ಲಾಸ್ಟರ್ ಸೋರಿ ಅಲ್ಲಲ್ಲಿ ಗಂಟು ಕಟ್ಟಿಕೊಳ್ಳುತ್ತದೆ. ಅದನ್ನು ಅರದಿಂದ ಉಜ್ಜಿ ನುಣುಪು ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆರನೆಯದರ ಬಲ ಅಂಚಿನಲ್ಲಿ, ಆನೆಯ ಬಾಲಕ್ಕೆ ಅಂಟಿಕೊಂಡು, ಬೆರಳ ತುದಿಯಷ್ಟು ಗಂಟೊಂದು ಇತ್ತು. ಪಕ್ಕದಲ್ಲಿ ಗರುಡನ ರೆಕ್ಕೆ, ಇಲ್ಲೇನು ಕೆಲಸ ಈ ಗಂಟಿಗೆ ಎಂದು ಅದನ್ನೂ ಉಜ್ಜಿ ಊದಿಬಿಟ್ಟಿದ್ದಳು.

ಅಪ್ಪನನ್ನು ಕರೆತಂದದ್ದು ಒಂದು ಮಧ್ಯಾಹ್ನ. ಇಸ್ತ್ರಿ ಅಂಗಿ ತೊಟ್ಟು, ತಲೆ ಬಾಚಿಸಿಕೊಂಡು, ಯಾರದೋ ಮದುವೆಗೆ ಬಂದವನ ಹಾಗೆ ಬಾಗಿಲಲ್ಲಿ ನಿಂತ. ನೆಲದ ಮೇಲಿನ ಬೆಳಕನ್ನು ಕಂಡವನೇ ಚಪ್ಪಲಿ ಕಳಚಿ, ಪಂಚೆ ಮೊಣಕಾಲಿಗೆ ಎತ್ತಿಕೊಂಡ. ನೀರಿಗೆ ಇಳಿಯುವವನಂತೆ ಒಂದೊಂದೇ ಹೆಜ್ಜೆ ಇಟ್ಟು ಗೋಡೆಯ ಬಲತುದಿಗೆ ಹೋದ. ಅಲ್ಲಿಂದ ಬಲಗೈಯನ್ನು ಎರಕಗಳ ಮೇಲೆ ಆಡಿಸುತ್ತ ಹೊರಟ. ಕಣ್ಣು ಮುಚ್ಚಿತ್ತು. ಅಚ್ಚಕ್ಕ ಹಿಂದೆ ಹಿಂದೆ ನಡೆದಳು.

ಎರಡು ಚೌಕ ದಾಟುವಷ್ಟರಲ್ಲಿ ಅವನ ಮುಖ ಸಣ್ಣದಾಯಿತು. ಕೈ ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು, ಮತ್ತೆ ಹಿಂದಕ್ಕೆ ಹೋಯಿತು. ಜಾತ್ರೆಯಲ್ಲಿ ಕೈತಪ್ಪಿದ ಕೂಸು ಕೂಡ ಅಷ್ಟು ಗಾಬರಿಯಾಗಲಿಕ್ಕಿಲ್ಲ.

"ನಾನು ಬರೋ ಹೊತ್ತಿಗೇ ಎಲ್ಲಾ ಮುಗಿದು ಹೋಗಿದೆ," ಎಂದ. "ಮುಗಿದ ಮೇಲೆ ಯಾಕೆ ಕರೆದ್ರಿ ನನ್ನ?"

ಏನೂ ಮುಗಿದಿಲ್ಲ ಅಪ್ಪ, ಆ ಕಡೆಯಿಂದ ಬಾ, ಎಡಗಡೆಯಿಂದ ಎಂದು ಅವಳು ತೋಳು ಹಿಡಿದಳು. ಅವನು ತೋಳು ಕೊಸರಿಕೊಂಡ.

"ಗುಡಿ ಸುತ್ತೋರು ಗೋಡೇನ ಬಲಗೈಗೆ ತಾನೇ ಇಟ್ಕೊಳ್ಳೋದು? ಈಯಮ್ಮನಿಗೆ ಅಷ್ಟೂ ಗೊತ್ತಿಲ್ವಾ?"

ಅಚ್ಚಕ್ಕ ಇದ್ದಲ್ಲೇ ನಿಂತಳು. ಬಲಗೈಗೆ ಗುಡಿ ಇಟ್ಟುಕೊಂಡು ಸುತ್ತು ಬರುವವನು ಗೋಡೆಯ ಕಡೆ ಮುಖ ತಿರುಗಿಸಿದರೆ, ಅವನು ಸಾಗುವ ದಿಕ್ಕು ಎಡಕ್ಕೆ. ಕಥೆ ಬಲದಿಂದ ಎಡಕ್ಕೆ ಹರಿಯಬೇಕು. ಅಪ್ಪನ ಗೀಟುಗಳು ನಡೆಯುವವನ ಲೆಕ್ಕ. ಅವಳು ಇಟ್ಟದ್ದು ಕೂತು ಬರೆಯುವವರ ಲೆಕ್ಕ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು. ಈಗ ನೋಡಿದರೆ ಆರನೆಯ ಚೌಕದ ಆನೆ ಎಡಕ್ಕೆ ಮುಖ ಮಾಡಿ ತಾವರೆ ಎತ್ತಿದೆ, ದೇವರು ಅದರ ಬಾಲದ ಕಡೆಯಿಂದ ಬರುತ್ತಿದ್ದಾನೆ. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದವಳು ಅದನ್ನು ಕಂಡೂ ಕಂಡಿರಲಿಲ್ಲ. ಪುರಾವೆಯಮ್ಮನಂತೂ ದೇವರು ಭಕ್ತನ ಬೆನ್ನ ಹಿಂದಿನಿಂದ, ಅವನಿಗೇ ತಿಳಿಯದಂತೆ ಬರುತ್ತಾನೆ ಎಂಬುದು ಶಿಲ್ಪಿಯ ಗೂಢಾರ್ಥವೆಂದು ಚೆಂದದ ವಿವರಣೆ ಬರೆದು, ಮುದ್ರಣ ಮಾಡಿಸಿ, ಚೌಕಟ್ಟನ್ನೂ ಕಟ್ಟಿಸಿದ್ದಳು.

ಆ ಚೌಕಟ್ಟನ್ನು ತಾನೇ ಮೊಳೆಯಿಂದ ಇಳಿಸಿದ್ದೂ ಪುರಾವೆಯಮ್ಮನೇ ಎಂಬುದನ್ನು ಹೇಳಬೇಕು. ಅಚ್ಚಕ್ಕ ತಪ್ಪೊಪ್ಪಿಕೊಂಡಾಗ ಅವಳು ಗೋಡೆಯ ಬಲತುದಿಯಿಂದ ಎಡತುದಿಗೆ ತಾನೂ ನಡೆದು ನೋಡಿದಳು. ತಾವರೆ ಯಾರಿಗೆ ಎಂದು ಕಣ್ಣಿಗೆ ಕಾಣುತ್ತಿರುವಾಗ ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂದಳು. ಬಡಗಿ ಮಾತ್ರ ಎರಡು ದಿನ ಗೊಣಗಿದ. ಆನೆಗಳನ್ನು ಗೋಡೆಗೆ ಹತ್ತಿಸುವುದು, ಇಳಿಸುವುದು, ನಾನೇನು ಮಾವುತನೇ ಎಂದ. ಗೊಣಗುತ್ತಲೇ ಏಳು ಎರಕಗಳನ್ನೂ ಇಳಿಸಿ, ತಿರುವುಮುರುವು ಮಾಡಿ ಮತ್ತೆ ಏರಿಸಿದ. ನಾಲ್ಕಕ್ಕೂ ಆರಕ್ಕೂ ನಡುವಿನ ಜಾಗದಲ್ಲಿ ಅಚ್ಚಕ್ಕ ಒಂದು ಹಲಗೆ ನಿಲ್ಲಿಸಿ, ಅದರ ತುಂಬ ಹಸಿ ಜೇಡಿಮಣ್ಣು ಮೆತ್ತಿದಳು. ಮೇಲೆ ಒದ್ದೆ ಬಟ್ಟೆ ಹೊದಿಸಿ ಅಪ್ಪನನ್ನು ಕರೆತಂದಳು.

ಈ ಸಲ ಬೆಳಗಿನ ಹೊತ್ತು. ಕಿಟಕಿಯಿಂದ ಬಿದ್ದ ಬೆಳಕಿನಲ್ಲಿ ಪ್ಲಾಸ್ಟರಿನ ಧೂಳು ನಿಧಾನಕ್ಕೆ ತೇಲುತ್ತಿತ್ತು. ಅಪ್ಪ ಮತ್ತೆ ಪಂಚೆ ಎತ್ತಿಕೊಂಡ, ಮತ್ತೆ ಬಲತುದಿಗೆ ಹೋದ, ಕಣ್ಣು ಮುಚ್ಚಿ ಕೈ ಇಟ್ಟ. ಮೊದಲನೆಯ ಚೌಕದ ಬಳಗ ಅವನ ಬೆರಳ ಕೆಳಗೆ ಹಾದುಹೋಯಿತು. ಎರಡನೆಯದಕ್ಕೆ ಬಂದಾಗ ಅವನ ಮುಖ ಸಡಿಲಾಯಿತು, ತುಟಿಯಲ್ಲಿ ನಗು ಕಂಡಿತು. ಮೈಮೇಲೆ ನೀರು ಎರಚಿಸಿಕೊಂಡವನಂತೆ ತೋಳು ಒರೆಸಿಕೊಂಡ. ಅಚ್ಚಕ್ಕನಿಗೂ ಎಲ್ಲೋ ನೀರಿನ ಸದ್ದು ಕೇಳಿಸಿದಂತಾಯಿತು. ಮೂರನೆಯದರಲ್ಲಿ ಅವನ ಕೈ ಮೊಸಳೆಯ ಬೆನ್ನಿನ ಮುಳ್ಳುಗಳನ್ನು ಒಂದೊಂದಾಗಿ ಎಣಿಸಿತು. ನಾಲ್ಕರಲ್ಲಿ ಎಳೆಯುವ ಆನೆಗಳ ಸಾಲನ್ನು ಸವರುತ್ತ ಉಸಿರು ಬಿಗಿಯಾಯಿತು. ಹಾಗೇ ಜಾರಿ ಕೈ ಹಸಿ ಮಣ್ಣಿಗೆ ಬಂತು. ಅವಳು ಮೆಲ್ಲಗೆ ಬಟ್ಟೆ ಸರಿಸಿದಳು.

ಕೈ ನಿಲ್ಲಲಿಲ್ಲ. ಹೆಬ್ಬೆರಳು ಮಣ್ಣನ್ನು ಒತ್ತಿತು, ಅಂಗೈ ತಿದ್ದಿತು, ಉಗುರು ಗೆರೆ ಎಳೆಯಿತು. ಬೆಳಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಬೆರಳುಗಳು ಅವು. ಒಂದು ಗಂಟೆ ಹೋಯಿತು, ಎರಡು ಹೋಯಿತು. ಬಡಗಿ ಉಳಿ ಕೆಳಗಿಟ್ಟು ಬಂದು ನಿಂತ. ಪುರಾವೆಯಮ್ಮನೂ ಬಂದು ಅವನ ಪಕ್ಕ ನಿಂತಳು. ಮಣ್ಣಿನಲ್ಲಿ ಆನೆಗಳ ಬೆನ್ನುಗಳು ಎದ್ದವು. ಎಲ್ಲವೂ ಬಲಕ್ಕೆ, ಕೆರೆಗೆ ಬೆನ್ನು ಹಾಕಿ ತಲೆ ತಗ್ಗಿಸಿ ಹೊರಟಿದ್ದವು. ಎಳೆದು ಎಳೆದು ಸೋತು, ಒಡೆಯನನ್ನು ಅವನ ಹಣೆಬರಹಕ್ಕೆ ಬಿಟ್ಟು ಹೋಗುತ್ತಿದ್ದ ಬಳಗ ಅದು. ಕೊನೆಗೆ ಎಡ ಅಂಚಿನಲ್ಲಿ, ದೊಡ್ಡ ಆನೆಗಳ ಮೊಣಕಾಲೆತ್ತರದ ಒಂದು ಮರಿ. ಅದೊಂದೇ ಎಡಕ್ಕೆ ತಿರುಗಿತ್ತು. ಕಾಲು ಊರಿ, ಸೊಂಡಿಲನ್ನು ಅಂಚಿನ ತನಕ ಚಾಚಿತ್ತು. ಅಪ್ಪನ ಬೆರಳು ಅಂಚನ್ನು ದಾಟಿ ಪಕ್ಕದ ಎರಕಕ್ಕೆ ಹೋಗಿ, ಒಂಟಿ ಆನೆಯ ಬಾಲದ ಮೇಲೆ ಏನನ್ನೋ ಹುಡುಕಿತು. ಉಜ್ಜಿತು, ತಡವಿತು, ಮತ್ತೆ ಉಜ್ಜಿತು. ದಣಿದಿರಬೇಕೆಂದು ಅಚ್ಚಕ್ಕ ಅವನ ಕೈ ಹಿಡಿದುಕೊಂಡು ಕುರ್ಚಿಯಲ್ಲಿ ಕೂರಿಸಿದಳು.

"ಅಪ್ಪಾ, ಆ ಮರಿ ಯಾರು?"

"ನನ್ನ ಮಗಳು," ಎಂದ ಅಪ್ಪ, ಇದೇನು ಕೇಳುವ ಮಾತೇ ಎಂಬಂತೆ. "ಹಿಡ್ಕೋ ಅಂದಿದ್ದೆ. ಹಿಡ್ಕೊಂಡಿದಾಳೆ."

ಬಡಗಿ ಮೂಗು ಒರೆಸಿಕೊಳ್ಳುವ ನೆವದಲ್ಲಿ ಕಣ್ಣು ಒರೆಸಿಕೊಂಡ. ಪುರಾವೆಯಮ್ಮ ಅಚ್ಚಕ್ಕನನ್ನು ಕಿಟಕಿಯ ಬಳಿ ಕರೆದು, ಯಾವತ್ತೂ ಇಲ್ಲದ ಮೆತ್ತನೆಯ ದನಿಯಲ್ಲಿ ಮಾತಾಡಿದಳು. ತಾನು ಓದಿದ ಯಾವ ಪುರಾಣದಲ್ಲೂ ಬಳಗ ಬಿಟ್ಟು ಹೋಗುತ್ತದೆಯೇ ಹೊರತು ಹಿಂದೆ ಉಳಿಯುವ ಮರಿಯಿಲ್ಲ. ನೀನೇ ಹೇಳಿದ ಹಾಗೆ ಆ ಸಂದಿಯಲ್ಲಿ ಅಂಗಿ ಹಿಡಿದು ನಿಂತಿದ್ದ ಕೂಸನ್ನೇ ಅವರು ಮಣ್ಣಿನಲ್ಲಿ ಮಾಡಿದ್ದಾರೆ. ಅದು ನಿನಗೆ ದೊಡ್ಡ ಭಾಗ್ಯ, ಮನೆಗೆ ಒಯ್ದು ಇಟ್ಟುಕೋ. ಗೋಡೆಗೆ ಮಾತ್ರ ಅದನ್ನು ಹಾಕಲಾರೆ.

ಅಚ್ಚಕ್ಕನಿಗೂ ಹಾಗೇ ಅನ್ನಿಸಿತ್ತು. ಆ ದಿನವೆಲ್ಲ ಅವಳ ಮನಸ್ಸು ತಕ್ಕಡಿಯ ಹಾಗೆ ತೂಗಾಡುತ್ತಿತ್ತು. ಮರಿ ನಿಜವಾಗಿ ಕಲ್ಲಿನಲ್ಲಿದ್ದರೆ ಚೌಕ ಗೋಡೆಗೆ ಏರುತ್ತದೆ, ಅಪ್ಪನ ಕೆಲಸ ಪೂರ್ತಿಯಾಗುತ್ತದೆ. ಆದರೆ ಆಗ ಅದು ಯಾರೋ ಶಿಲ್ಪಿಯ ಮರಿ, ಅವಳಲ್ಲ. ಮರಿ ಅಪ್ಪನ ಮನಸ್ಸಿನದಾದರೆ ಗೋಡೆಗೆ ಬೋಳು ಹಲಗೆಯೇ ಗತಿ. ಆದರೆ ಆಗ ಎಲ್ಲ ವರ್ಷಗಳೂ ಹೋದ ಮೇಲೂ ಅವನ ಒಳಗೆ ಎಲ್ಲೋ ಅವಳು ನಿಂತಿದ್ದಾಳೆ. ಯಾವುದಿರಲಿ ಎಂದು ಬೇಡಿಕೊಳ್ಳಬೇಕು? ಅವಳಿಗೆ ನಾಚಿಕೆಯಾಯಿತು, ಯಾಕೆಂದರೆ ಮನಸ್ಸು ಎರಡನ್ನೂ ಬೇಡುತ್ತಿತ್ತು.

ಸಂಜೆ ಅಪ್ಪನ ಕೈ ತೊಳೆಸುತ್ತಿದ್ದಾಗ ಅವನ ತೋರುಬೆರಳ ತುದಿ ಬೆಳ್ಳಗೆ ಸವೆದಂತಿತ್ತು. ಎರಕದ ಮೇಲೆ ಉಜ್ಜಿದ ಬೆರಳು. ಏನು ಹುಡುಕುತ್ತಿತ್ತು ಅದು, ಬಾಲದ ಹತ್ತಿರ? ಅವಳು ಟವೆಲ್ ಕೈಯಲ್ಲಿ ಹಿಡಿದವಳು ಹಾಗೇ ನಿಂತಳು. ಬಾಲದ ಹತ್ತಿರ, ಬಲ ಅಂಚಿನಲ್ಲಿ, ಬೆರಳ ತುದಿಯಷ್ಟು.

ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಹೋಗಿ ಕಾದಿದ್ದು, ಉಗ್ರಾಣದಿಂದ ಆರನೆಯ ಅಚ್ಚನ್ನು ಇಳಿಸಿದಳು. ಕಾಗದ ಹಳದಿಯಾಗಿ, ಅರಗು ಸಿಪ್ಪೆ ಎದ್ದಿತ್ತು. ಎರಕದ ಮೇಲೆ ಅರ ಹೊಡೆದಿದ್ದಳೇ ಹೊರತು ಅಚ್ಚನ್ನು ಯಾರೂ ಮುಟ್ಟಿರಲಿಲ್ಲ. ಅಚ್ಚಿನ ಒಳಗೆ ಆನೆ ಹಳ್ಳ, ತಾವರೆ ಹಳ್ಳ, ಬಾಲ ಒಂದು ಸಣ್ಣ ಕಾಲುವೆ. ಅದರ ತುದಿಯಲ್ಲಿ ಇನ್ನೊಂದು ಪುಟ್ಟ ಗುಳಿ. ಪ್ಲಾಸ್ಟರ್ ಸೋರಿ ಆದ ಗಂಟಾಗಿದ್ದರೆ ಅಚ್ಚಿನಲ್ಲಿ ಗುಳಿ ಇರುವಂತಿಲ್ಲ. ಅವಳು ಕಣ್ಣು ಮುಚ್ಚಿ ಕಿರುಬೆರಳನ್ನು ಒಳಗೆ ಇಳಿಸಿದಳು. ಒಂದು ಸುತ್ತು, ಸುತ್ತಿನ ಮೇಲೆ ಮೂರು ಸುಕ್ಕು, ಕೊನೆಯಲ್ಲಿ ಸೊಂಡಿಲ ತುದಿಗೆ ಇರುವ ಆ ಚೂಪು ತುಟಿ. ಬಾಲವನ್ನು ಬಿಗಿಯಾಗಿ ಹಿಡಿದಿತ್ತು.

ಯಾವ ಕಾಲದ್ದೋ ಒಬ್ಬ ಶಿಲ್ಪಿ, ಎಲ್ಲರೂ ಬಿಟ್ಟು ಹೋದರು ಎಂದು ಕೆತ್ತಿ, ಕೈ ತಡೆಯದೆ ಒಂದು ಮರಿಯನ್ನು ಹಿಂದೆ ಉಳಿಸಿದ್ದ. ಅದು ಚೌಕದ ಗಡಿ ದಾಟಿಯೂ ಬಿಟ್ಟಿರಲಿಲ್ಲ. ಬಿಡಿಸಿದವಳು ಅಚ್ಚಕ್ಕನೇ, ಅರ ಹಿಡಿದು, ನುಣುಪು ಮಾಡುತ್ತೇನೆಂದು. ಅವಳು ಅಚ್ಚನ್ನು ತೊಡೆಯ ಮೇಲಿಟ್ಟುಕೊಂಡು ಉಗ್ರಾಣದ ನೆಲದಲ್ಲಿ ಕೂತು ಚೆನ್ನಾಗಿ ಅತ್ತಳು. ಈ ಸಲ ನಲ್ಲಿ ಬಿಡಲಿಲ್ಲ.

ಪುರಾವೆಯಮ್ಮ ಬಂದು ತಾನೂ ಬೆರಳು ಇಳಿಸಿ ನೋಡಿದಳು. ಎರಡು ಸಲ ನೋಡಿದಳು. ಪುರಾವೆ ಸಿಕ್ಕಿದ ಖುಷಿಯಲ್ಲಿ ಅವಳು ಚಿಕ್ಕ ಹುಡುಗಿಯ ಹಾಗಾದದ್ದನ್ನು ಬಡಗಿ ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದ. ಆರನೆಯದನ್ನು ಹೊಸದಾಗಿ ಎರೆದರು. ಅಪ್ಪನ ಮಣ್ಣಿನ ಚೌಕಕ್ಕೂ ಅಚ್ಚು ತೆಗೆದು ಪ್ಲಾಸ್ಟರ್ ಸುರಿದರು. ಎರಡನ್ನೂ ಪಕ್ಕಪಕ್ಕದಲ್ಲಿ ಕೂರಿಸಿದಾಗ ಮರಿಯ ಸೊಂಡಿಲು ಆ ಪುಟ್ಟ ತುದಿಗೆ ಕೂದಲೆಳೆಯ ಬಿರುಕೂ ಇಲ್ಲದೆ ಕೂಡಿಕೊಂಡಿತು. ಕೆಳಗಿನ ಪಟ್ಟಿಯಲ್ಲಿ ಪುರಾವೆಯಮ್ಮ ಒಂದೇ ಸಾಲು ಬರೆಸಿದಳು: ಐದನೆಯ ಚೌಕ, ಅಚ್ಚು ತೆಗೆದವರ ಕೈನೆನಪಿನಿಂದ.

ಅಚ್ಚಕ್ಕನಿಗೆ ಹೊಟ್ಟೆಯಲ್ಲಿ ಹಾಲು ಸುರಿದಂತಾಗಬೇಕಿತ್ತು. ಆಯಿತು ಕೂಡ. ಆದರೂ ಒಳಗೊಂದು ಕಡೆ ಖಾಲಿ. ಮರಿ ಕಲ್ಲಿನದೇ ಎಂದು ತೀರ್ಮಾನವಾಯಿತಲ್ಲ, ಅಪ್ಪನ ಒಳಗೆ ನಿಂತಿದ್ದ ಕೂಸು ಹಾಗಾದರೆ ಯಾರೂ ಅಲ್ಲ.

ತೆರೆದ ದಿನ ಜನ ಜಾಸ್ತಿಯಿತ್ತು. ಯಾರೂ ಎರಕ ಮುಟ್ಟದಿರಲಿ ಎಂದು ಗೋಡೆಯಿಂದ ಒಂದು ಮೊಳ ದೂರಕ್ಕೆ ಹಗ್ಗ ಕಟ್ಟಿದ್ದರು. ಅಪ್ಪನನ್ನು ಬೆಂಚಿನ ಮೇಲೆ ಕೂರಿಸಿ, ಅಚ್ಚಕ್ಕ ಯಾರಿಗೋ ಉತ್ತರ ಹೇಳುತ್ತಿದ್ದಳು. ತಿರುಗಿ ನೋಡಿದರೆ ಬೆಂಚು ಖಾಲಿ. ಮುದುಕ ಹಗ್ಗದ ಕೆಳಗೆ ತೂರಿ, ಗೋಡೆಗೂ ಹಗ್ಗಕ್ಕೂ ನಡುವಿನ ಸಂದಿಯಲ್ಲಿ ಬಲಗೈ ಆಡಿಸುತ್ತ ಹೊರಟಿದ್ದ. ನೀರಾಟ ದಾಟಿದ್ದ, ಮೊಸಳೆ ದಾಟಿದ್ದ. ಕಾವಲುಗಾರ ಮುಂದೆ ಬಂದ. ಪುರಾವೆಯಮ್ಮ ಅವನನ್ನು ತಡೆದಳು. ಅಚ್ಚಕ್ಕ ಹಗ್ಗದ ಕೆಳಗೆ ತಾನೂ ತೂರಿ, ಹಿಂದೆ ಓಡಿ, ಅಪ್ಪ ಬಿದ್ದಾನು ಎಂಬ ಹೆದರಿಕೆಗೆ ಅಂಗಿಯ ಚುಂಗನ್ನು ಹಿಡಿದುಕೊಂಡಳು.

ಅಪ್ಪ ನಿಂತ. ಕೈ ಐದನೆಯ ಚೌಕದ ಮರಿಯ ಮೇಲಿತ್ತು. ತಿರುಗಿ ನೋಡಲಿಲ್ಲ.

"ಹಿಡ್ಕೊಂಡಿದೀಯಾ, ಪುಟ್ಟೀ?"

ಚಿಕ್ಕಂದಿನ ಆ ಹೆಸರನ್ನು ಅಪ್ಪನ ಬಾಯಲ್ಲಿ ಕೇಳಿ ಎಷ್ಟು ವರ್ಷವಾಗಿತ್ತೋ. ಅವಳು ಅಂಗಿಯ ಚುಂಗನ್ನು ಮುಷ್ಟಿಯಲ್ಲಿ ಇನ್ನಷ್ಟು ಬಿಗಿಮಾಡಿದಳು.

"ಹಿಡ್ಕೊಂಡಿದೀನಿ, ಅಪ್ಪ."

"ಬಿಡಬೇಡ. ಇನ್ನು ಮೂರೇ ಇರೋದು."

ಬೆರಳು ಮರಿಯ ಸೊಂಡಿಲ ಗುಂಟ ಜಾರಿ, ಗಡಿ ದಾಟಿ, ಬಾಲ ಹಿಡಿದ ಆ ಪುಟ್ಟ ತುದಿಯನ್ನು ಒಮ್ಮೆ ಮುಟ್ಟಿತು. ಅದು ಅಲ್ಲಿತ್ತು. ಅಪ್ಪ ಮುಂದಿನ ಹೆಜ್ಜೆ ಇಟ್ಟ, ಅವಳು ಅಂಗಿ ಬಿಡದೆ ಹಿಂದೆ ನಡೆದಳು.